ಮೈಗೆ ಹಿತವಾದ ಬಟ್ಟೆ ಆರಿಸಲು ಯಾವ ಎಐ ಒಳ್ಳೆಯದು?

ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವವರಿಗೆ ಈಗ ಹೊಸದೊಂದು ಗೊಂದಲ ಶುರುವಾಗಿದೆ. ಶಾಪಿಂಗ್ ಆ್ಯಪ್ ‘ನಿಮಗೆ ಎಂ ಸೈಜ್ ಸರಿಹೋಗುತ್ತದೆ’ ಎನ್ನುತ್ತದೆ. ಚಾಟ್‌ಬಾಟ್‌ನ ಕೇಳಿದರೆ ‘ಎಲ್ ತಗೊಳ್ಳಿ’ ಎನ್ನುತ್ತದೆ. ಇನ್ನೊಂದು ಕಡೆ ನಿಮ್ಮದೇ ಫೋಟೋಗೆ ಆ ಅಂಗಿ ತೊಡಿಸಿ ತೋರಿಸುತ್ತಾರೆ, ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಮತ್ತೊಂದು ಆ್ಯಪ್ ಮೊಬೈಲ್ ಕ್ಯಾಮೆರಾದಲ್ಲಿ ಮೈ ಅಳತೆ ತೆಗೆದುಕೊಡುತ್ತೇನೆ ಎನ್ನುತ್ತದೆ. ಯಾವುದರ ಮಾತು ಕೇಳುವುದು ಎಂದು ಹಲವು ಓದುಗರು ಕೇಳಿದ್ದೀರಿ.

ಇವೆಲ್ಲ ಒಂದೇ ಕೆಲಸ ಮಾಡುವಂತೆ ಕಂಡರೂ ಒಳಗಿನ ಲೆಕ್ಕ ಬೇರೆ ಬೇರೆ. ಒಂದು, ನಿಮ್ಮಂಥ ಮೈಕಟ್ಟಿನವರು ಏನು ಕೊಂಡರು ಎಂದು ನೋಡುತ್ತದೆ. ಒಂದು, ಚಿತ್ರ ಬಿಡಿಸುತ್ತದೆ. ಒಂದು, ಓದಿಕೊಂಡದ್ದನ್ನು ಹೇಳುತ್ತದೆ. ಬಟ್ಟೆಯನ್ನು ಮುಟ್ಟಿ ನೋಡಿದ್ದು ಮಾತ್ರ ಇವುಗಳಲ್ಲಿ ಒಂದೂ ಇಲ್ಲ. ಹಾಗಾಗಿ ನೋಟ ಮುಖ್ಯವಾದರೆ ಒಂದು ದಾರಿ, ಹಿತ ಮುಖ್ಯವಾದರೆ ಇನ್ನೊಂದು ದಾರಿ. ಹಿತ ಬೇಕಿದ್ದವರಿಗೆ ನನ್ನ ಸಲಹೆ ಇಷ್ಟೇ: ಚಿತ್ರ ತೋರಿಸುವ ಎಐಗಿಂತ ಅಳತೆ ಮತ್ತು ನೂಲಿನ ವಿವರ ಕೊಟ್ಟು ಮಾತಾಡಿಸಬಹುದಾದ ಎಐ ಮೇಲು. ಯಾಕೆ ಎಂದು ಹೇಳುವ ಮೊದಲು, ಯಾವ ಅಳತೆಗೋಲಿನಿಂದ ತೂಗುತ್ತಿದ್ದೇನೆ ಎಂಬುದನ್ನು ಹೇಳಬೇಕು.

ಬಟ್ಟೆ ಹಿತವಾಗುವುದು ಯಾವುದರಿಂದ?

ಮೊದಲನೆಯದು ಜಾಗ. ಟೈಲರ್‌ಗಳು ‘ಲೂಸ್ ಬಿಡುವುದು’ ಅನ್ನುತ್ತಾರಲ್ಲ, ಅದು. ಮೈಯ ಅಳತೆಗಿಂತ ಬಟ್ಟೆಯ ಅಳತೆ ಎಷ್ಟು ಜಾಸ್ತಿ ಇದೆ ಎನ್ನುವ ಲೆಕ್ಕ. ಹಿಗ್ಗದ ಬಟ್ಟೆಯ ಅಂಗಿಗೆ ಎದೆಯ ಸುತ್ತ ಸುಮಾರು 8ರಿಂದ 12 ಸೆಂ.ಮೀ. ಲೂಸ್ ಇದ್ದರೆ ಕೈ ಎತ್ತಲು, ಬಗ್ಗಲು ತೊಂದರೆಯಾಗುವುದಿಲ್ಲ. ಹಿಗ್ಗುವ ಟೀಶರ್ಟ್‌ಗೆ ಅಷ್ಟು ಬೇಡ. ಇನ್ನು, ಮೈ ನಿಂತಾಗ ಇದ್ದಂತೆ ಕುಳಿತಾಗ ಇರುವುದಿಲ್ಲ. ಕುಳಿತರೆ ಸೊಂಟದ ಸುತ್ತಳತೆ ಹೆಚ್ಚುತ್ತದೆ. ಮೊಣಕಾಲು ಪೂರ್ತಿ ಮಡಿಚಿದಾಗ ಅದರ ಮೇಲಿನ ಚರ್ಮ ಉದ್ದಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಕನ್ನಡಿ ಮುಂದೆ ಸರಿಯಾಗಿದ್ದ ಪ್ಯಾಂಟ್ ಕುರ್ಚಿಯಲ್ಲಿ ಕುಳಿತ ತಕ್ಷಣ ಹಿಡಿಯುವುದು ಇದಕ್ಕೇ.

ಎರಡನೆಯದು ಬೆವರು ಮತ್ತು ಶಾಖ. ಇಲ್ಲಿ ನೂಲು ಯಾವುದು ಎನ್ನುವುದೇ ದೊಡ್ಡ ವಿಷಯ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ. ಲಿನನ್ ಸುಮಾರು 12, ಉಣ್ಣೆ ಸುಮಾರು 16. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಹಾಗೆಂದು ಪಾಲಿಯೆಸ್ಟರ್ ಎಲ್ಲ ಕಡೆಯೂ ಕೆಟ್ಟದ್ದೆಂದಲ್ಲ. ಓಡುವಾಗ ಧಾರಾಳವಾಗಿ ಸುರಿಯುವ ಬೆವರನ್ನು ಹತ್ತಿ ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಕ್ರೀಡೆಗೆಂದೇ ಹೆಣೆದ ಪಾಲಿಯೆಸ್ಟರ್ ಅದನ್ನು ಹೊರಮೈಗೆ ಹರಡಿ ಬೇಗ ಒಣಗುತ್ತದೆ. ಸೆಕೆಯಲ್ಲಿ ಸುಮ್ನೆ ಕುಳಿತಿರುವವರಿಗೆ ಹತ್ತಿ ಅಥವಾ ಲಿನನ್ ಹಿತ, ಮೈದಣಿದು ಬೆವರುವವರಿಗೆ ಬೇಗ ಒಣಗುವುದು ಹಿತ. ಬಟ್ಟೆ ಎಷ್ಟು ದಪ್ಪ ಎನ್ನುವುದನ್ನು ಜಿಎಸ್‌ಎಂ ಹೇಳುತ್ತದೆ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂದು. ಟೀಶರ್ಟ್‌ನಲ್ಲಿ 150ರ ಒಳಗಿದ್ದರೆ ತೆಳು, 200 ದಾಟಿದರೆ ದಪ್ಪ.

ಮೂರನೆಯದು ಚರ್ಮಕ್ಕೆ ತಾಗುವ ಬಗೆ. ಕತ್ತಿನ ಹಿಂದಿನ ಲೇಬಲ್, ಕಂಕುಳಿನ ದಪ್ಪ ಹೊಲಿಗೆ, ಸೊಂಟದ ಎಲಾಸ್ಟಿಕ್, ಚುಚ್ಚುವ ಉಣ್ಣೆ, ಇವೆಲ್ಲ ಇದರಲ್ಲೇ ಬರುತ್ತವೆ. ಉಣ್ಣೆ ಚುಚ್ಚುವುದು ಬಹುಪಾಲು ಅಲರ್ಜಿಯಿಂದಲ್ಲ, ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ದಪ್ಪ ಎಳೆಗಳ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಒಳ್ಳೆಯ ಮೆರಿನೋ ಉಣ್ಣೆ ಇದಕ್ಕಿಂತ ತೆಳು, ಅದಕ್ಕೇ ಅದನ್ನು ಬರಿಮೈ ಮೇಲೂ ಹಾಕಬಹುದು.

ಈ ಮೂರರ ಬಗ್ಗೆ ಒಂದೊಂದು ಎಐಗೆ ಏನು ಗೊತ್ತು ಎನ್ನುವುದು ನನ್ನ ಮುಖ್ಯ ಅಳತೆಗೋಲು. ಜೊತೆಗೆ ಅದು ನಿಮ್ಮಿಂದ ಏನು ಕೇಳುತ್ತದೆ, ಎಷ್ಟು ಹಣ ಮತ್ತು ಸಮಯ ಹಿಡಿಯುತ್ತದೆ ಎಂಬುದನ್ನೂ ನೋಡಬೇಕು.

ಶಾಪಿಂಗ್ ಆ್ಯಪ್‌ನ ಸೈಜ್ ಸಲಹೆ

ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಎತ್ತರ, ತೂಕ, ವಯಸ್ಸು, ಬೇರೆ ಯಾವ ಬ್ರಾಂಡ್‌ನಲ್ಲಿ ಯಾವ ಸೈಜ್ ಹಾಕುತ್ತೀರಿ ಎಂದು ಕೇಳುತ್ತದೆ. ನಿಮ್ಮ ಹಳೆಯ ಖರೀದಿ, ವಾಪಸ್ ಕಳಿಸಿದ ಬಟ್ಟೆಗಳ ಲೆಕ್ಕವನ್ನೂ ಸೇರಿಸಿಕೊಂಡು ಒಂದು ಸೈಜ್ ಹೇಳುತ್ತದೆ.

ಇಂಥದ್ದು ಬೇಕಾಗಿರುವುದಕ್ಕೆ ಕಾರಣ ಇದೆ. ಎಸ್, ಎಂ, ಎಲ್ ಎನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲವೇ ಇಲ್ಲ. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15 ಸಾವಿರ ಮಹಿಳೆಯರ ಮೈಯಿಂದ ತಲಾ 59 ಅಳತೆ ತೆಗೆದರು. ಆ ಲೆಕ್ಕದ ಮೇಲೆ 1958ರಲ್ಲಿ ಒಂದು ಸೈಜ್ ಮಾನದಂಡವೂ ಬಂತು. ಕಂಪನಿಗಳು ತಮಗೆ ಬೇಕಾದಂತೆ ಸೈಜ್ ಬದಲಿಸುತ್ತ ಹೋದವು, 1983ರಲ್ಲಿ ಆ ಮಾನದಂಡವನ್ನೇ ಹಿಂದಕ್ಕೆ ಪಡೆದರು. ಒಂದು ಬ್ರಾಂಡ್‌ನ ಎಂ ಇನ್ನೊಂದರ ಎಲ್ ಆಗಿರುವುದು ಇಂದಿಗೂ ಮಾಮೂಲು. ಆ ಗೊಂದಲ ಬಿಡಿಸುವುದರಲ್ಲಿ ಈ ಸಲಹೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಆದರೆ ಒಂದು ಮಾತು ಗಮನಿಸಬೇಕು. ಈ ಎಐ ಕಲಿಯುವುದು ಹೆಚ್ಚಾಗಿ ಯಾರು ವಾಪಸ್ ಕಳಿಸಿದರು, ಯಾರು ಇಟ್ಟುಕೊಂಡರು ಎನ್ನುವುದರಿಂದ. ಇಟ್ಟುಕೊಂಡರೆ ಸರಿಹೋಯಿತು ಎಂದು ಲೆಕ್ಕ. ನಾವು ಬಟ್ಟೆ ಇಟ್ಟುಕೊಳ್ಳುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ ಅಲ್ವಾ? ಪ್ಯಾಕ್ ಮಾಡಿ ಕಳಿಸಲು ಬೇಸರ, ವಾಪಸ್ ಮಾಡುವ ದಿನ ಕಳೆದುಹೋಯಿತು, ಬಣ್ಣ ಇಷ್ಟವಾಯಿತು. ಕಂಕುಳಲ್ಲಿ ಹಿಡಿಯುತ್ತಿದ್ದರೂ ಬೀರುವಿನಲ್ಲಿ ಉಳಿದ ಅಂಗಿ ಅದರ ಲೆಕ್ಕದಲ್ಲಿ ಒಳ್ಳೆಯ ಅಂಗಿಯೇ.

ಒಂದೇ ಖಾತೆಯಿಂದ ಮನೆಮಂದಿಗೆಲ್ಲ ಬಟ್ಟೆ ತರಿಸುತ್ತಿದ್ದರೆ ಲೆಕ್ಕ ಇನ್ನೂ ಕಲಸಿಹೋಗುತ್ತದೆ. ಸದಸ್ಯರಿಗೆ ಬೇರೆ ಬೇರೆ ಪ್ರೊಫೈಲ್ ಮಾಡುವ ಅವಕಾಶ ಇದ್ದರೆ ಮೊದಲು ಅದನ್ನು ಮಾಡಿ. ಇತ್ತೀಚೆಗೆ ತೂಕ ಏರಿಳಿದವರು, ಬಾಣಂತಿಯರು, ಕಾಯಿಲೆಯಿಂದ ಎದ್ದವರು ಹಳೆಯ ಖರೀದಿ ಮೇಲೆ ನಿಂತ ಸಲಹೆಯನ್ನು ನಂಬಬೇಡಿ. ಬೆವರು, ಚರ್ಮ ಎರಡರ ಬಗ್ಗೆಯೂ ಇದು ಏನನ್ನೂ ಹೇಳುವುದಿಲ್ಲ.

ಫೋಟೋಗೆ ತೊಡಿಸಿ ನೋಡುವುದು

ಎಲ್ಲರ ಕಣ್ಣು ಸೆಳೆಯುವುದು ಇದೇ. ಗೂಗಲ್ 2023ರ ಜೂನ್‌ನಲ್ಲಿ ಚಿತ್ರ ರಚಿಸುವ ಎಐ ಬಳಸಿ, ಬೇರೆ ಬೇರೆ ಮೈಕಟ್ಟಿನ ಮಾಡೆಲ್‌ಗಳ ಮೇಲೆ ಮಹಿಳೆಯರ ಟಾಪ್ ತೊಡಿಸಿ ತೋರಿಸಲು ಶುರುಮಾಡಿತು. 2025ರಲ್ಲಿ ಅಮೆರಿಕದಲ್ಲಿ ಸ್ವಂತ ಫೋಟೋ ಹಾಕಿ ನೋಡುವ ಅವಕಾಶವನ್ನೂ ಕೊಟ್ಟಿತು. ಹಲವು ಮಾರಾಟಗಾರರ ಆ್ಯಪ್‌ಗಳಲ್ಲೂ ಈಗ ಇಂಥದ್ದು ಇದೆ.

ಬಣ್ಣ ನಿಮಗೆ ಒಪ್ಪುತ್ತದೆಯೇ, ಕತ್ತು ಎಷ್ಟು ಆಳ, ಅಂಗಿ ಎಲ್ಲಿಯವರೆಗೆ ಇಳಿಯುತ್ತದೆ, ಇಷ್ಟಕ್ಕೆ ಇದು ಚೆನ್ನಾಗಿದೆ. ಹಿತದ ವಿಷಯದಲ್ಲಿ ಇದರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಯಾಕೆಂದರೆ ಇದು ಬಟ್ಟೆ ಎಳೆದು ನೋಡುತ್ತಿಲ್ಲ, ಬಟ್ಟೆ ತೊಟ್ಟವರು ಸಾಮಾನ್ಯವಾಗಿ ಹೇಗೆ ಕಾಣುತ್ತಾರೋ ಹಾಗೆ ಚಿತ್ರ ಬರೆಯುತ್ತಿದೆ. ಎಷ್ಟೋ ಸಾಧನಗಳು ನೀವು ಯಾವ ಸೈಜ್ ಆರಿಸಿದ್ದೀರಿ ಎನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀವು ಬಳಸುವುದನ್ನು ಹೀಗೆ ಪರೀಕ್ಷೆ ಮಾಡಿ: ಒಂದೇ ಅಂಗಿಯ ಎಸ್ ಮತ್ತು ಎಕ್ಸ್‌ಎಲ್ ಎರಡನ್ನೂ ತೊಡಿಸಿ ನೋಡಿ. ಎರಡು ಚಿತ್ರದಲ್ಲೂ ಅಂಗಿ ಭುಜದ ಮೇಲೆ ಒಂದೇ ರೀತಿ ಕುಳಿತಿದ್ದರೆ, ಗುಂಡಿಗಳ ನಡುವೆ ಬಟ್ಟೆ ಎಲ್ಲೂ ಬಿಗಿಯದೆ ಇದ್ದರೆ, ಅದಕ್ಕೆ ಸೈಜ್ ಅಂದರೇನು ಎಂದೇ ಗೊತ್ತಿಲ್ಲ ಎಂದರ್ಥ.

ಇದು ಕೇಳುವುದು ನಿಮ್ಮ ಪೂರ್ತಿ ಮೈಯ ಫೋಟೋ. ಆ ಫೋಟೋವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅಳಿಸಲು ದಾರಿ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳದೆ ಹಾಕಬೇಡಿ. ಮಕ್ಕಳ ಫೋಟೋ ಅಂತೂ ಬೇಡವೇ ಬೇಡ.

ಮೊಬೈಲ್‌ನಲ್ಲಿ ಮೈ ಸ್ಕ್ಯಾನ್

ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದು ಹತ್ತಾರು ಅಳತೆ ಲೆಕ್ಕ ಹಾಕುವ ಆ್ಯಪ್‌ಗಳು ಇವು. ಜಪಾನಿನ ಜೋಜೋ ಕಂಪನಿ 2018ರಲ್ಲಿ ಇದಕ್ಕೆಂದೇ ಮೈತುಂಬ ಬಿಳಿ ಚುಕ್ಕೆಗಳಿರುವ ಬಿಗಿ ಉಡುಪನ್ನು ತಂದಿತ್ತು. ಅದನ್ನು ತೊಟ್ಟು ಮೊಬೈಲ್ ಮುಂದೆ ಸುತ್ತು ತಿರುಗಿದರೆ ಚುಕ್ಕೆಗಳಿಂದ ಮೈಯ ಆಕಾರ ಲೆಕ್ಕವಾಗುತ್ತಿತ್ತು. ಈಗ ಉಡುಪು ಬೇಡ, ಬರೀ ಕ್ಯಾಮೆರಾ ಸಾಕು ಎನ್ನುವ ಹಂತಕ್ಕೆ ಬಂದಿದೆ.

ಅಳತೆ ತೆಗೆಯಲು ಮನೆಯಲ್ಲಿ ಯಾರೂ ಇಲ್ಲದವರಿಗೆ, ಬೆನ್ನಿನ ಅಗಲದಂಥ ಅಳತೆಯನ್ನು ತಾವೇ ತೆಗೆಯಲಾಗದವರಿಗೆ, ದೂರದ ಟೈಲರ್ ಹತ್ತಿರ ಹೊಲಿಸುವವರಿಗೆ ಇದು ಉಪಕಾರಿ. ಬೆಳಕು ಕಡಿಮೆ ಇದ್ದರೆ, ಲೂಸ್ ಬಟ್ಟೆ ಹಾಕಿದ್ದರೆ, ಮೊಬೈಲ್ ಓರೆಯಾಗಿದ್ದರೆ ಅಳತೆ ತಪ್ಪುತ್ತದೆ. ಸೊಂಟದಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೂ ಪ್ಯಾಂಟ್‌ಗೆ ಅದು ಸಣ್ಣ ವಿಷಯವಲ್ಲ. ಇನ್ನೊಂದು ಕೊರತೆ, ಇದು ಅಳೆಯುವುದು ನಿಂತ ಮೈಯನ್ನು. ಮೈ ಅಳತೆ ಸರಿಯಾಗಿ ಬಂದರೂ ಎಷ್ಟು ಲೂಸ್ ಬಿಡಬೇಕು ಎನ್ನುವುದು ನಿಮ್ಮ ಇಷ್ಟ, ಅದು ಸ್ಕ್ಯಾನ್‌ನಲ್ಲಿ ಸಿಗುವುದಿಲ್ಲ.

ಚಾಟ್‌ಬಾಟ್

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್‌ನಂಥವು. ಉಚಿತವಾಗಿ ಸಿಗುವಷ್ಟೇ ಈ ಕೆಲಸಕ್ಕೆ ಧಾರಾಳ ಸಾಕು. ಇವುಗಳ ಹತ್ತಿರ ‘ನನಗೆ ಹಿತವಾದ ಅಂಗಿ ಹೇಳು’ ಎಂದು ಕೇಳಿದರೆ ‘ಹತ್ತಿ ಬಟ್ಟೆ ಹಾಕಿ, ಸಡಿಲವಾಗಿರಲಿ’ ಎಂಬ ಎಲ್ಲರಿಗೂ ಗೊತ್ತಿರುವ ಮಾತು ಬರುತ್ತದೆ. ಹಾಗೆ ಕೇಳಿ ಬೇಸತ್ತು ಬಿಟ್ಟವರೇ ಜಾಸ್ತಿ. ಕೇಳುವ ರೀತಿ ಬದಲಾಯಿಸಿದರೆ ಉತ್ತರವೂ ಬದಲಾಗುತ್ತದೆ.

ನಿಮ್ಮ ಹತ್ತಿರ ಈಗಾಗಲೇ ಇರುವ, ದಿನವಿಡೀ ಹಾಕಿಕೊಂಡರೂ ನೆನಪೇ ಆಗದಷ್ಟು ಹಿತವಾದ ಒಂದು ಅಂಗಿಯಿಂದ ಶುರುಮಾಡಿ. ಅದನ್ನು ಮೇಜಿನ ಮೇಲೆ ಹರಡಿ, ಗುಂಡಿ ಹಾಕಿ, ಸುಕ್ಕು ನೀವಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿಯಿರಿ. 54 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ. ಎರಡರಷ್ಟು ಮಾಡಿದರೆ ಅಂಗಿಯ ಎದೆ ಸುತ್ತಳತೆ 108. ನಿಮ್ಮ ಮೈಯ ಎದೆ ಸುತ್ತಳತೆ 98 ಇದ್ದರೆ, ನಿಮಗೆ ಹಿತವಾಗುವ ಲೂಸ್ 10 ಸೆಂ.ಮೀ. ಎಂದು ಗೊತ್ತಾಯಿತು. ಹಾಗೆಯೇ ಭುಜದಿಂದ ಭುಜಕ್ಕೆ, ತೋಳಿನ ಉದ್ದ, ಬೆನ್ನಿನ ಉದ್ದ ಬರೆದುಕೊಳ್ಳಿ. ಒಳಗಿನ ಲೇಬಲ್‌ನ ಫೋಟೋ ತೆಗೆಯಿರಿ. ನೂಲಿನ ವಿವರ ಓದುವ ಕೆಲಸವನ್ನು ಈ ಎಐಗಳು ಚೆನ್ನಾಗಿ ಮಾಡುತ್ತವೆ.

ಆಮೇಲೆ ಹೀಗೆ ಕೇಳಿ: ‘ನನಗೆ ತುಂಬ ಹಿತವಾದ ಅಂಗಿಯ ಅಳತೆ ಮತ್ತು ಲೇಬಲ್ ಇದು. ಕೊಳ್ಳಬೇಕೆಂದಿರುವ ಅಂಗಿಯ ಸೈಜ್ ಚಾರ್ಟ್ ಇದು, ನೂಲು ಇದು. ದಿನಕ್ಕೆ ಎಂಟು ಗಂಟೆ ಕುಳಿತು ಕೆಲಸ, ಬೆವರು ಜಾಸ್ತಿ, ಕತ್ತಿನ ಹತ್ತಿರ ಬೇಗ ತುರಿಕೆ ಆಗುತ್ತದೆ. ಚಾರ್ಟ್‌ನಲ್ಲಿರುವುದು ಮೈ ಅಳತೆಯೋ ಬಟ್ಟೆ ಅಳತೆಯೋ ಮೊದಲು ಹೇಳು. ಯಾವ ಸೈಜ್‌ನಲ್ಲಿ ಎಲ್ಲಿ ಎಷ್ಟು ಲೂಸ್ ಉಳಿಯುತ್ತದೆ ಲೆಕ್ಕ ತೋರಿಸು. ಗೊತ್ತಿಲ್ಲದಿದ್ದರೆ ಊಹೆ ಬೇಡ.’

ಮೈ ಅಳತೆಯೋ ಬಟ್ಟೆ ಅಳತೆಯೋ ಎನ್ನುವ ಆ ಒಂದು ಸಾಲನ್ನು ಮರೆಯಬೇಡಿ. ಚಾರ್ಟ್‌ನಲ್ಲಿ ಎದೆ 100 ಎಂದಿದ್ದರೆ, ಕೆಲವು ಕಡೆ ಅದು 100 ಸೆಂ.ಮೀ. ಎದೆ ಇರುವವರಿಗೆ ಎಂದು, ಇನ್ನು ಕೆಲವು ಕಡೆ ಬಟ್ಟೆಯೇ 100 ಸೆಂ.ಮೀ. ಇದೆ ಎಂದು. 98ರ ಮೈಗೆ ಮೊದಲನೆಯದು ಆರಾಮ, ಎರಡನೆಯದು ಉಸಿರು ಕಟ್ಟುವಷ್ಟು ಬಿಗಿ.

ಕುಗ್ಗುವ ಲೆಕ್ಕವನ್ನೂ ಹಾಕಿಸಿ. ಹೆಣೆದ ಹತ್ತಿ ಬಟ್ಟೆ ಮೊದಲ ಕೆಲವು ಒಗೆತದಲ್ಲಿ 5 ಪ್ರತಿಶತದವರೆಗೆ ಕುಗ್ಗುವುದುಂಟು. 108ರ ಅಂಗಿ ಅಷ್ಟು ಕುಗ್ಗಿದರೆ 103ಕ್ಕೆ ಬಂತು, ನಿಮ್ಮ 10 ಸೆಂ.ಮೀ. ಲೂಸ್ ಅರ್ಧವಾಯಿತು. ಮೊದಲೇ ಕುಗ್ಗಿಸಿದ ಬಟ್ಟೆ ಎಂದು ವಿವರದಲ್ಲಿ ಬರೆದಿದ್ದಾರೆಯೇ ಎಂದು ಹುಡುಕಲು ಹೇಳಿ.

ಗ್ರಾಹಕರ ಅಭಿಪ್ರಾಯಗಳನ್ನು ಜಾಲಾಡಿಸುವುದಕ್ಕೂ ಇದು ಒಳ್ಳೆಯದು. ಮಾರಾಟ ತಾಣದ ಎಐ ಸಾರಾಂಶ ‘ಗ್ರಾಹಕರಿಗೆ ಬಣ್ಣ ಇಷ್ಟವಾಗಿದೆ’ ಎಂದು ನಿಲ್ಲಿಸಿಬಿಡಬಹುದು. ನೀವು ಅಭಿಪ್ರಾಯಗಳನ್ನು ನಕಲು ಮಾಡಿ ಹಾಕಿ, ‘ತುರಿಕೆ, ಬೆವರು ವಾಸನೆ, ಕಂಕುಳು ಬಿಗಿ, ಒಗೆದ ಮೇಲೆ ಕುಗ್ಗಿದ್ದು, ಇಷ್ಟನ್ನೇ ಹೆಕ್ಕು, ಬರೆದವರ ಮಾತನ್ನೇ ತೋರಿಸು’ ಎಂದು ಕೇಳಿದರೆ ಬೇಕಾದ್ದು ಸಿಗುತ್ತದೆ.

ಇದರ ದೋಷವನ್ನೂ ಹೇಳಬೇಕು. ಗೊತ್ತಿಲ್ಲದ ಬ್ರಾಂಡ್‌ನ ಅಳತೆಯನ್ನು ಗೊತ್ತಿರುವಂತೆ ಹೇಳಿಬಿಡುತ್ತದೆ. ಹಾಗಾಗಿ ಸೈಜ್ ಚಾರ್ಟ್ ನೀವೇ ಕೊಡಿ, ಅದರ ನೆನಪಿಗೆ ಬಿಡಬೇಡಿ. ನಿಮ್ಮ ಫೋಟೋ ನೋಡಿ ಅಳತೆ ಹೇಳು ಎಂದು ಕೇಳುವುದೂ ವ್ಯರ್ಥ. ಅಳತೆ ತೆಗೆಯುವ ಶ್ರಮ ನಿಮ್ಮದೇ. ಆದರೆ ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಖರೀದಿಗೂ ಅದೇ ಸಾಕು. ಮೈಯ ಫೋಟೋ ಕೊಡದೆ, ಬರೀ ಅಂಕಿ ಕೊಟ್ಟು ಕೆಲಸ ಮುಗಿಯುತ್ತದೆ ಎನ್ನುವುದೂ ನನಗೆ ದೊಡ್ಡ ಸಮಾಧಾನ.

ಸ್ಟೈಲಿಸ್ಟ್ ಇರುವ ಸೇವೆ

ಅಮೆರಿಕದಲ್ಲಿ 2011ರಲ್ಲಿ ಶುರುವಾದ ಸ್ಟಿಚ್ ಫಿಕ್ಸ್ ಇದಕ್ಕೆ ಹೆಸರಾದದ್ದು. ಎಐ ಆರಿಸಿದ ಪಟ್ಟಿಯಿಂದ ಸ್ಟೈಲಿಸ್ಟ್, ಅಂದರೆ ಬಟ್ಟೆ ಆರಿಸಿಕೊಡುವ ಮನುಷ್ಯರೊಬ್ಬರು, ಕೆಲವನ್ನು ಹೆಕ್ಕಿ ಮನೆಗೆ ಕಳಿಸುತ್ತಾರೆ, ಬೇಡದ್ದನ್ನು ವಾಪಸ್ ಕಳಿಸಬಹುದು. ‘ಕತ್ತಿಗೆ ಲೇಬಲ್ ತಾಗಬಾರದು’ ಎಂದು ಬರೆದರೆ ಓದುವವರು ಒಬ್ಬರು ಇರುತ್ತಾರೆ. ಖರ್ಚು ಜಾಸ್ತಿ, ಆಯ್ಕೆ ಅವರ ದಾಸ್ತಾನಿಗೆ ಸೀಮಿತ, ಎಲ್ಲ ಕಡೆ ಸಿಗುವುದೂ ಇಲ್ಲ. ಸಮಯ ಇಲ್ಲದೆ ಹಣ ಇರುವವರಿಗೆ ಸರಿ.

ಯಾರಿಗೆ ಯಾವುದು?

ಒಂದೇ ಬ್ರಾಂಡ್‌ನ ಬಟ್ಟೆ ಮತ್ತೆ ಮತ್ತೆ ಕೊಳ್ಳುವವರು, ಮೈ ತೂಕ ಬದಲಾಗದವರು ಆ್ಯಪ್‌ನ ಸೈಜ್ ಸಲಹೆಯಲ್ಲೇ ನೆಮ್ಮದಿಯಾಗಿರಬಹುದು. ಹೊಸ ಬ್ರಾಂಡ್‌ಗೆ ಹೋಗುವಾಗ ಮಾತ್ರ ಚಾಟ್‌ಬಾಟ್‌ನಲ್ಲಿ ಲೆಕ್ಕ ಮಾಡಿಸಿ. ಎರಡೂ ಒಂದೇ ಸೈಜ್ ಹೇಳಿದರೆ ಧೈರ್ಯವಾಗಿ ಕೊಳ್ಳಿ. ಬೇರೆ ಬೇರೆ ಹೇಳಿದರೆ ನಿಮ್ಮ ಅಂಗಿಯ ಅಳತೆ ನೋಡಿ ಲೆಕ್ಕ ತೋರಿಸಿದ್ದನ್ನು ನಂಬಿ.

ಸಮಾರಂಭಕ್ಕೆ ಕೆಲವು ಗಂಟೆ ಹಾಕುವ ಬಟ್ಟೆಯಾದರೆ ಫೋಟೋಗೆ ತೊಡಿಸಿ ನೋಡುವುದರಲ್ಲಿ ತಪ್ಪಿಲ್ಲ, ನೋಟವೇ ಅಲ್ಲಿ ಮುಖ್ಯ. ಒಳಉಡುಪು, ರಾತ್ರಿ ಬಟ್ಟೆ, ದಿನವಿಡೀ ಕೆಲಸಕ್ಕೆ ಹಾಕುವ ಪ್ಯಾಂಟ್‌ಗೆ ಅದನ್ನು ತೆರೆಯಲೇಬೇಡಿ.

ಸಿದ್ಧ ಸೈಜ್ ಯಾವುದೂ ಸರಿಹೋಗದ ಮೈಕಟ್ಟು ಇದ್ದರೆ ಸ್ಕ್ಯಾನ್ ಅಥವಾ ಕೈ ಅಳತೆ ತೆಗೆದು ಹೊಲಿಸುವುದೇ ಉತ್ತಮ. ಭುಜಕ್ಕೆ ಎಂ, ಹೊಟ್ಟೆಗೆ ಎಕ್ಸ್‌ಎಲ್ ಬೇಕಿರುವವರಿಗೆ ಯಾವ ಎಐ ಕೂಡ ಅಂಗಡಿಯಲ್ಲಿ ಇಲ್ಲದ ಅಂಗಿ ಹುಡುಕಿಕೊಡಲಾರದು. ಬಜೆಟ್ ಕಡಿಮೆ ಇದ್ದರೆ, ದೊಡ್ಡ ಅಳತೆಗೆ ಹೊಂದುವಂತೆ ಕೊಂಡು ಸಣ್ಣ ಕಡೆ ಹಿಡಿಸಿಕೊಳ್ಳುವುದು ಅಗ್ಗ. ಯಾವ ಹೊಲಿಗೆ ಬಿಚ್ಚಿ ಎಷ್ಟು ಹಿಡಿಸಬಹುದು ಎಂದು ಚಾಟ್‌ಬಾಟ್‌ನ ಕೇಳಿಕೊಂಡು ಟೈಲರ್ ಹತ್ತಿರ ಹೋಗಿ. ಭುಜ ಹಿಡಿಸುವುದು ಕಷ್ಟದ ಕೆಲಸ, ಪಕ್ಕದ ಹೊಲಿಗೆ ಸುಲಭ.

ನಾನು ಎಲ್ಲಕ್ಕಿಂತ ಜಾಸ್ತಿ ಯೋಚಿಸುವುದು ಚರ್ಮ ಸೂಕ್ಷ್ಮವಾಗಿರುವವರ ಬಗ್ಗೆ, ಲೇಬಲ್ ತಾಗಿದರೆ ಅಳುವ ಮಕ್ಕಳ ಬಗ್ಗೆ, ಗುಂಡಿ ಹಾಕಲು ಬೆರಳು ಬಗ್ಗದ ಹಿರಿಯರ ಬಗ್ಗೆ. ಇವರಿಗೆ ಸೈಜ್ ಸಲಹೆಯಿಂದಲೂ ಚಿತ್ರದಿಂದಲೂ ಏನೂ ಸಿಗುವುದಿಲ್ಲ. ಚಾಟ್‌ಬಾಟ್‌ಗೆ ಕಷ್ಟವನ್ನು ಬಿಡಿಸಿ ಹೇಳಿ: ಭುಜದ ಮೇಲೆ ಕೈ ಹೋಗುವುದಿಲ್ಲ, ಎಲಾಸ್ಟಿಕ್ ಗುರುತು ಬೀಳುತ್ತದೆ, ಒಳಹೊಲಿಗೆ ಚುಚ್ಚುತ್ತದೆ. ಮುಂದೆ ತೆರೆಯುವ ಅಂಗಿ, ಗುಂಡಿ ಬದಲು ಅಂಟುಪಟ್ಟಿ (ವೆಲ್ಕ್ರೋ), ಚಪ್ಪಟೆ ಹೊಲಿಗೆ, ಲೇಬಲ್ ಬದಲು ಬಟ್ಟೆ ಮೇಲೇ ಅಚ್ಚು ಹಾಕಿದ ವಿವರ, ಹೀಗೆ ಹುಡುಕಬೇಕಾದ್ದರ ಪಟ್ಟಿ ಕೊಡುತ್ತದೆ. ಗುಳ್ಳೆ, ಕೆಂಪು ಕಲೆ ಏಳುತ್ತಿದ್ದರೆ ಎಐ ಬಿಟ್ಟು ಚರ್ಮದ ವೈದ್ಯರ ಹತ್ತಿರ ಹೋಗಿ. ಕೆಲವರಿಗೆ ನೂಲಿಗಿಂತ ಬಣ್ಣ ಮತ್ತು ಸುಕ್ಕು ಬೀಳದಂತೆ ಹಾಕುವ ರಾಸಾಯನಿಕವೇ ಆಗುವುದಿಲ್ಲ.

ಯಾವ ದಾರಿ ಹಿಡಿದರೂ ವಾಪಸ್ ಮಾಡುವ ಕೊನೆಯ ದಿನವನ್ನು ಮೊದಲೇ ನೋಡಿಕೊಳ್ಳಿ. ಬಟ್ಟೆ ಬಂದ ದಿನ ಟ್ಯಾಗ್ ಕೀಳದೆ ಮನೆಯೊಳಗೇ ಹಾಕಿಕೊಂಡು ಅರ್ಧ ಗಂಟೆ ಕುಳಿತುಕೊಳ್ಳಿ. ಎರಡೂ ಕೈ ಮೇಲೆತ್ತಿ, ಬಗ್ಗಿ ನೆಲ ಮುಟ್ಟಿ. ಎಲ್ಲಿ ಹಿಡಿಯಿತು, ಎಲ್ಲಿ ಚುಚ್ಚಿತು ಎಂದು ಅಳತೆಗಳ ಜೊತೆಗೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಎಐಗೆ ಕೊಡಬೇಕಾದ ಮಾಹಿತಿಯಲ್ಲಿ ಅದನ್ನೂ ಸೇರಿಸಿ.